ದುರ್ಗ ಬೇರೆ, ಕೋಟೆ ಬೇರೆ: ಕೋಟೆಗೆ ಸಂಬಂಧಪಟ್ಟ ಪದಗಳ ಮೂಲ ಹುಡುಕೋದು ಹೇಗೆ

ಕರ್ನಾಟಕದ ಮ್ಯಾಪ್ ತೆಗೆದು ಊರ ಹೆಸರು ಓದ್ತಾ ಹೋಗಿ. ಚಿತ್ರದುರ್ಗ, ಹೊಸದುರ್ಗ, ರಾಮದುರ್ಗ, ಸಾವನದುರ್ಗ, ಕವಲೇದುರ್ಗ, ಆಮೇಲೆ ಹೊಸಕೋಟೆ, ಬಾಗಲಕೋಟೆ, ಹೆಗ್ಗಡದೇವನಕೋಟೆ, ಗದಗದ ಕಡೆ ಗಜೇಂದ್ರಗಡ, ಬೆಳಗಾವಿ ಜಿಲ್ಲೆಯಲ್ಲಿ ಕಿಲ್ಲಾ ತೊರಗಲ್ಲ. ದುರ್ಗ, ಕೋಟೆ, ಗಡ, ಕಿಲ್ಲಾ, ನಾಲ್ಕಕ್ಕೂ ಅರ್ಥ ಕೇಳಿದ್ರೆ "ಎಲ್ಲಾ ಒಂದೇ, ಕೋಟೆ ಅಂತ" ಅಂತಾರೆ. ಸ್ಕೂಲ್ ಪುಸ್ತಕದ ಸಮಾನಾರ್ಥಕ ಪದಗಳ ಪಟ್ಟಿಲೂ ಹಾಗೇ ಇರುತ್ತೆ. ಆದ್ರೆ ಈ ನಾಲ್ಕು ಪದ ನಾಲ್ಕು ಬೇರೆ ಬೇರೆ ದಾರಿ ಹಿಡಿದು ನಮ್ಮ ಬಾಯಿಗೆ ಬಂದಿವೆ, ಮತ್ತೆ ಹುಟ್ಟಿದಾಗ ಅವು ಹೇಳ್ತಿದ್ದ ವಿಷಯಾನೂ ಒಂದೇ ಅಲ್ಲ. ಇದನ್ನ ನೀವೇ ಹುಡುಕಿ ತಿಳ್ಕೊಬಹುದು, ಅದಕ್ಕೆ ಭಾಷಾವಿಜ್ಞಾನದ ಡಿಗ್ರಿ ಬೇಕಾಗಿಲ್ಲ, ಒಂದೆರಡು ಒಳ್ಳೆ ನಿಘಂಟು ಮತ್ತೆ ಸ್ವಲ್ಪ ತಾಳ್ಮೆ ಇದ್ರೆ ಸಾಕು. ಹೇಗೆ ಅಂತ ಇಲ್ಲಿ ಬರೀತೀನಿ, ಮುಖ್ಯವಾಗಿ ದುರ್ಗ ಅನ್ನೋ ಪದ ಇಟ್ಕೊಂಡು, ಯಾಕಂದ್ರೆ ಅದು ತುಂಬಾ ದೂರ ಕರ್ಕೊಂಡು ಹೋಗುತ್ತೆ.

ಮೊದಲನೇ ಕೆಲಸ ಪದವನ್ನ ಒಡೆಯೋದು. ದುರ್ಗ ಸಂಸ್ಕೃತದ ಪದ ಅನ್ನೋದು ರ‍್ಗ ಅನ್ನೋ ಒತ್ತಕ್ಷರ ನೋಡಿದ್ರೇನೇ ಅನುಮಾನ ಬರುತ್ತೆ. ಒಡೆದ್ರೆ ದುರ್ + ಗ. ಇಲ್ಲಿಗೆ ನಿಲ್ಲಿಸಿದ್ರೆ ಅರ್ಧ ಕೆಲಸ ಆದಂಗೆ, ಯಾಕಂದ್ರೆ ಹೀಗೆ ಒಡೆದು ಮನಸಿಗೆ ಬಂದ ಅರ್ಥ ಹಚ್ಚೋರೇ ಜಾಸ್ತಿ. ಒಡೆದ ಪ್ರತಿ ಚೂರಿಗೂ ಅದರ ಅಣ್ಣತಮ್ಮಂದಿರನ್ನ ಹುಡುಕಬೇಕು, ಅಂದ್ರೆ ಅದೇ ಚೂರು ಇರೋ ಬೇರೆ ಪದಗಳಲ್ಲಿ ಅದೇ ಅರ್ಥ ಕೂತ್ಕೊಳುತ್ತಾ ಅಂತ ನೋಡ್ಬೇಕು. ದುರ್ ತಗೊಳ್ಳಿ. ದುರ್ವಾಸನೆ, ದುರ್ಬುದ್ಧಿ ಅಂದಾಗ ಅದು 'ಕೆಟ್ಟ' ಅನ್ನೋ ಅರ್ಥ ಕೊಡುತ್ತೆ. ಆದ್ರೆ ದುರ್ಲಭ ಅಂದ್ರೆ ಕೆಟ್ಟದಾಗಿ ಸಿಗೋದು ಅಂತಲ್ಲ, ಸಿಗೋಕೆ ಕಷ್ಟ ಅಂತ. ದುಸ್ತರ ಅಂದ್ರೆ ದಾಟೋಕೆ ಕಷ್ಟ, ದುರ್ಭೇದ್ಯ ಅಂದ್ರೆ ಭೇದಿಸೋಕೆ ಕಷ್ಟ. ಸೋ ಈ ದುರ್‌ಗೆ ಎರಡು ಮುಖ ಇದೆ, ಕ್ರಿಯೆ ಸೂಚಿಸೋ ಧಾತು ಜೊತೆ ಬಂದಾಗ ಹೆಚ್ಚಾಗಿ 'ಕಷ್ಟ' ಅನ್ನೋ ಮುಖ. ಇನ್ನು ಗ. ಇದು ಗಮ್, ಹೋಗು ಅನ್ನೋ ಧಾತುವಿಂದ ಬಂದಿದ್ದು. ಖಗ ಅಂದ್ರೆ ಆಕಾಶದಲ್ಲಿ ಹೋಗೋದು, ಹಕ್ಕಿ. ಉರಗ ಅಂದ್ರೆ ಎದೆ ಮೇಲೆ ಹೋಗೋದು, ಹಾವು. ನಗ ಅಂದ್ರೆ ಎಲ್ಲೂ ಹೋಗದೇ ಇರೋದು, ಬೆಟ್ಟ. ಇಷ್ಟು ಜನ ಅಣ್ಣತಮ್ಮಂದಿರು ಸಾಲಾಗಿ ನಿಂತ್ರೆ ನಮ್ಮ ಒಡೆತ ಸರಿ ಇದೆ ಅಂತ ಧೈರ್ಯ ಬರುತ್ತೆ. ದುರ್ಗ ಅಂದ್ರೆ ಹೋಗೋಕೆ ಕಷ್ಟ ಆಗೋ ಜಾಗ.

ಗಮನಿಸಿ, ಇದರಲ್ಲಿ ಗೋಡೆ ಇಲ್ಲ, ಕಲ್ಲಿಲ್ಲ, ಸೈನ್ಯ ಇಲ್ಲ, ರಾಜ ಇಲ್ಲ. ಕಷ್ಟ ಮಾತ್ರ ಇದೆ. ಈ ಹಳೇ ಅರ್ಥ ಸತ್ತೂ ಹೋಗಿಲ್ಲ, ದಿನಪತ್ರಿಕೆಲಿ "ದುರ್ಗಮ ಕಾಡಿನ ಹಾದಿ" ಅಂತ ಇವತ್ತೂ ಬರೀತಾರಲ್ಲ, ಆ ದುರ್ಗಮ ಮತ್ತೆ ಈ ದುರ್ಗ ಒಂದೇ ಮನೆಯವು.

ಎರಡನೇ ಕೆಲಸ, ಆ ಪದ ಬರವಣಿಗೆಲಿ ತೀರಾ ಹಳೇ ಕಾಲದಲ್ಲಿ ಹೇಗೆ ಬಳಕೆ ಆಗಿದೆ ಅಂತ ನೋಡೋದು. ಪದ ಒಡೆದು ಸಿಕ್ಕಿದ ಅರ್ಥ ಬರೀ ಲೆಕ್ಕಾಚಾರ, ಬಳಕೆ ಸಿಕ್ಕಿದ್ರೆ ಮಾತ್ರ ಸಾಕ್ಷಿ. ಸಂಸ್ಕೃತ ಪದಕ್ಕೆ ಮೋನಿಯರ್ ವಿಲಿಯಮ್ಸ್ ನಿಘಂಟು ಆನ್‌ಲೈನಲ್ಲಿ ಫ್ರೀಯಾಗಿ ಸಿಗುತ್ತೆ, ಅದರಲ್ಲಿ ಅರ್ಥದ ಪಕ್ಕ ಯಾವ ಗ್ರಂಥದಲ್ಲಿ ಆ ಅರ್ಥ ಇದೆ ಅಂತ ಶಾರ್ಟ್ ಗುರುತು ಹಾಕಿರ್ತಾರೆ. ಅರ್ಥ ಓದಿ ಬಿಟ್ಟುಬಿಡಬೇಡಿ, ಆ ಗುರುತು ಓದಿ, ನಿಜವಾದ ಮಾಲು ಇರೋದು ಅಲ್ಲೇ. ದುರ್ಗಕ್ಕೆ ಋಗ್ವೇದದ ಗುರುತಿದೆ. ದುರ್ಗಾ ಸೂಕ್ತ ಹೇಳೋರಿಗೆ ಬಾಯಿಪಾಠ ಇರೋ ಸಾಲೇ ಅದು, "ಸ ನಃ ಪರ್ಷದತಿ ದುರ್ಗಾಣಿ ವಿಶ್ವಾ", ಅಂದ್ರೆ ದೋಣಿಲಿ ಕೂರಿಸ್ಕೊಂಡು ನದಿ ದಾಟಿಸೋ ಥರ ಅಗ್ನಿ ನಮ್ಮನ್ನ ಎಲ್ಲಾ ದುರ್ಗಗಳಿಂದ ಆಚೆ ದಾಟಿಸಲಿ ಅಂತ. ಇಲ್ಲಿ ದುರ್ಗ ಅಂದ್ರೆ ಕೋಟೆ ಅಂತ ಹಾಕಿ ಓದಿ ನೋಡಿ, ಅರ್ಥ ಕೂರಲ್ಲ. ಇಲ್ಲಿ ದುರ್ಗ ಅಂದ್ರೆ ಸಂಕಷ್ಟ, ದಾಟೋಕಾಗದ ಜಾಗ. ದೇವಿ ಹೆಸರು ದುರ್ಗಾ ಅಂತ ಇರೋದಕ್ಕೂ ಇದೇ ನೆಲೆ, ದೇವೀ ಮಾಹಾತ್ಮ್ಯೆಲಿ ಆಕೆಯನ್ನ ದುರ್ಗವಾದ ಸಂಸಾರ ಸಾಗರ ದಾಟಿಸೋ ದೋಣಿ ಅಂತಾನೇ ಸ್ತುತಿ ಮಾಡಿದೆ, ದುರ್ಗಮ ಅನ್ನೋ ಅಸುರನನ್ನ ಕೊಂದು ದುರ್ಗಾದೇವಿ ಅಂತ ಹೆಸರಾಗ್ತೀನಿ ಅನ್ನೋ ಮಾತೂ ಅದರಲ್ಲೇ ಬರುತ್ತೆ. ಹಾಗಾದ್ರೆ ವೇದದ ಕಾಲದಲ್ಲಿ ಕೋಟೆಗೆ ಏನಂತಿದ್ರು? ಪುರ್ ಅಂತಿದ್ರು. ಇಂದ್ರನಿಗೆ ಪುರಂದರ ಅಂತ ಹೆಸರು ಬಂದಿದ್ದು ಈ ಪುರ್ ಒಡೆಯೋನು ಅಂತ. ಆಮೇಲೆ ಅದೇ ಪುರ ಆಗಿ ಬರೀ ಊರು ಅನ್ನೋ ಅರ್ಥಕ್ಕೆ ಬಂತು. ಗ್ರೀಕರ ಪೋಲಿಸ್ ಅನ್ನೋ ಪದ, ಲಿಥುವೇನಿಯಾದವರು ಇವತ್ತಿಗೂ ಕೋಟೆಗೆ ಹೇಳೋ ಪಿಲಿಸ್ ಅನ್ನೋ ಪದ, ಇವೆಲ್ಲಾ ಅದರ ದೂರದ ನೆಂಟರು.

ಸರಿ, ಹೋಗೋಕೆ ಕಷ್ಟ ಅನ್ನೋ ಪದ ಸೈನ್ಯದ ನೆಲೆಗೆ ಹೆಸರಾಗಿದ್ದು ಯಾವಾಗ? ಇಲ್ಲಿ ನಂಗೆ ತುಂಬಾ ಇಷ್ಟವಾದ ದಾರಿ ಒಂದಿದೆ, ಹಳಬರು ಆ ವಸ್ತುವನ್ನ ಎಷ್ಟು ಥರ ಅಂತ ವಿಂಗಡಿಸಿದ್ದಾರೆ ಅಂತ ನೋಡೋದು. ವಿಂಗಡಣೆ ನೋಡಿದ್ರೆ ಅವರ ತಲೇಲಿ ಆ ಪದಕ್ಕೆ ಏನರ್ಥ ಇತ್ತು ಅಂತ ಗೊತ್ತಾಗುತ್ತೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜ್ಯಕ್ಕೆ ಏಳು ಅಂಗ, ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಆ ದುರ್ಗದಲ್ಲಿ ನಾಲ್ಕು ಥರ ಹೇಳ್ತಾನೆ, ನೀರು ಸುತ್ತುವರಿದಿದ್ದು, ಬೆಟ್ಟದ್ದು, ಮರಳುಗಾಡಿನದ್ದು, ಕಾಡಿನದ್ದು. ಮನುಸ್ಮೃತಿಲಿ ಆರು ಥರ ಇದೆ, ಅದರಲ್ಲಿ ಒಂದು ನೃದುರ್ಗ, ಅಂದ್ರೆ ಸುತ್ತಲೂ ನಿಂತಿರೋ ಜನರೇ ದುರ್ಗ! ಇಷ್ಟರಲ್ಲಿ ಬೆಟ್ಟದ್ದೇ ಮೇಲು ಅಂತಾನೂ ಅಲ್ಲಿ ಹೇಳಿದೆ. ಈಗ ಯೋಚನೆ ಮಾಡಿ, ಮರಳುಗಾಡು, ಕಾಡು, ಜನರ ಗುಂಪು, ಇವಕ್ಕೆಲ್ಲಾ ಒಂದೇ ಹೆಸರು ಹೇಗೆ ಹೊಂದುತ್ತೆ? ಗೋಡೆ ಅನ್ನೋ ಅರ್ಥದಲ್ಲಿ ಹೊಂದಲ್ಲ, ಶತ್ರು ಹತ್ರ ಬರೋಕಾಗದ ನೆಲೆ ಅನ್ನೋ ಅರ್ಥದಲ್ಲಿ ಮಾತ್ರ ಹೊಂದುತ್ತೆ. ಅವರು ಗೋಡೆ ಕಟ್ಟುತ್ತಲೇ ಇರ್ಲಿಲ್ಲ ಅಂತಲ್ಲ, ಕೌಟಿಲ್ಯ ಕಂದಕ, ಮಣ್ಣಿನ ದಿಬ್ಬ, ಗೋಡೆ ಎಲ್ಲದರ ಅಳತೆ ಕೊಡ್ತಾನೆ, ಆದ್ರೆ ಹೆಸರು ಕೊಟ್ಟಿದ್ದು ಗೋಡೆ ನೋಡಿ ಅಲ್ಲ, ಜಾಗ ನೋಡಿ.

ಇದನ್ನೇ ಹಿಡ್ಕೊಂಡು ಇನ್ನೊಂದು ಸಾವಿರ ವರ್ಷ ಈಚೆ ಬನ್ನಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ದುರ್ಗ ಒಂಬತ್ತು ಥರ. ನೀರು, ಬೆಟ್ಟ, ಕಾಡು, ಮರಳು, ಜನ, ಇವು ಹಳೇವು. ಜೊತೆಗೆ ಕಲ್ಲಿನದ್ದು, ಇಟ್ಟಿಗೆದ್ದು, ಮಣ್ಣಿನದ್ದು, ಮರದ್ದು ಸೇರ್ಕೊಂಡಿದೆ. ನೋಡಿದ್ರಾ, ವಿಂಗಡಣೆ ಜಾಗದಿಂದ ಕಟ್ಟೋ ಸಾಮಾನಿಗೆ ಜಾರಿದೆ. ಅಂದ್ರೆ ಅಷ್ಟೊತ್ತಿಗೆ ನಮ್ಮ ನಾಡಲ್ಲಿ ದುರ್ಗ ಅನ್ನೋ ಪದ ಕೋಟೆ ಅನ್ನೋ ಪದದ ಮನೆಯೊಳಗೆ ಕಾಲಿಟ್ಟಿತ್ತು. ಒಂದು ಪದದ ಅರ್ಥ ಹೀಗೆ ಸರಿದು ಹೋಗೋದನ್ನ ಕಣ್ಣಾರೆ ನೋಡೋ ಅವಕಾಶ ದಿನಾ ಸಿಗಲ್ಲ.

ಪುಸ್ತಕ ಆಯ್ತು, ಇನ್ನು ಶಾಸನ. ಶಾಸನ ಯಾಕೆ ಮುಖ್ಯ ಅಂದ್ರೆ ಪುಸ್ತಕವನ್ನ ಪ್ರತಿ ಮಾಡ್ತಾ ಮಾಡ್ತಾ ಪದ ಬದಲಾಗಿರಬಹುದು, ಆದ್ರೆ ಬಂಡೆ ಮೇಲೆ ಕೆತ್ತಿದ್ದು ಕೆತ್ತಿದ ವರ್ಷದ್ದೇ. ದುರ್ಗ ಪದಕ್ಕೆ ನಮ್ಮ ಹತ್ರ ಇರೋ ಶಾಸನ ಎಂಥದ್ದು ಗೊತ್ತಾ, ಬಾದಾಮಿಯ ಬಂಡೆ ಶಾಸನ. ಶಕ ವರ್ಷ 465, ಅಂದ್ರೆ ಕ್ರಿ.ಶ. 543. ಚಾಲುಕ್ಯ ವಂಶದ ಒಂದನೇ ಪುಲಕೇಶಿದು. ಅದರ ಕೊನೆ ಸಾಲು ಹೀಗಿದೆ: "ಧರಾಧರೇಂದ್ರವಾತಾಪಿಮಜೇಯಂ ಭೂತಯೇ ಭುವಃ ಅಧಸ್ತಾದುಪರಿಷ್ಟಾಚ್ಚ ದುರ್ಗಮೇತದಚೀಕರತ್". ನಿಧಾನಕ್ಕೆ ಬಿಡಿಸಿ. ಧರಾಧರೇಂದ್ರ ಅಂದ್ರೆ ಬೆಟ್ಟಗಳ ರಾಜ, ವಾತಾಪಿ ಬಾದಾಮಿಯ ಹಳೇ ಹೆಸರು, ಅಜೇಯ ಅಂದ್ರೆ ಗೆಲ್ಲೋಕಾಗದ್ದು, ಭೂತಯೇ ಭುವಃ ಅಂದ್ರೆ ಭೂಮಿಯ ಏಳಿಗೆಗೆ, ಅಧಸ್ತಾತ್ ಉಪರಿಷ್ಟಾತ್ ಚ ಅಂದ್ರೆ ಕೆಳಗಿಂದಲೂ ಮೇಲಿಂದಲೂ, ದುರ್ಗಂ ಏತತ್ ಅಚೀಕರತ್ ಅಂದ್ರೆ ಇದನ್ನ ದುರ್ಗವಾಗಿ ಮಾಡಿಸಿದ. ಬಾದಾಮಿಗೆ ಹೋದೋರಿಗೆ ಗೊತ್ತು, ಕೆಂಪು ಬಂಡೆ ನೆಟ್ಟಗೆ ಗೋಡೆ ಥರ ಎದ್ದು ನಿಂತಿದೆ, ಪ್ರಕೃತಿನೇ ಅರ್ಧ ಕೆಲಸ ಮುಗಿಸಿ ಕೊಟ್ಟಿದೆ. ಕೆಳಗಿಂದಲೂ ಮೇಲಿಂದಲೂ ಅನ್ನೋ ಆ ಎರಡು ಪದ ನೋಡಿ, ಹತ್ತೋಕೂ ಕಷ್ಟ ಮೇಲಿಂದ ಇಳಿದು ಬರೋಕೂ ಕಷ್ಟ, ಅಂದ್ರೆ ಹೋಗೋಕೆ ಕಷ್ಟ ಅನ್ನೋ ಮೂಲ ಅರ್ಥ ಆ ಶಾಸನ ಬರೆದ ಕವಿಯ ಕಿವಿಲಿ ಇನ್ನೂ ಜೀವಂತ ಇತ್ತು ಅಂತ ನನಗನಿಸುತ್ತೆ. ಜೊತೆಗೆ ಮಾಡಿಸಿದ ಅನ್ನೋ ಕ್ರಿಯಾಪದಾನೂ ಇದೆ, ಬೆಟ್ಟ ಇತ್ತು, ಅದನ್ನ ದುರ್ಗ ಮಾಡಿಸಿದ. ಜಾಗ ಮತ್ತೆ ಕಟ್ಟಡ ಎರಡೂ ಒಂದೇ ಪದದಲ್ಲಿ ಸೇರಿದ್ದನ್ನ ಅಲ್ಲೇ ಕಾಣಬಹುದು.

ನಿಮ್ಮೂರ ಕೋಟೆಗೂ ಹೀಗೇ ಶಾಸನ ಹುಡುಕಬಹುದು. ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಸಂಪುಟಗಳು ಜಿಲ್ಲೆ ತಾಲ್ಲೂಕು ಪ್ರಕಾರ ಜೋಡಿಸಿರೋದ್ರಿಂದ ನಿಮ್ಮ ತಾಲ್ಲೂಕು ತೆಗೆದು ಊರ ಹೆಸರು ನೋಡಿದ್ರೆ ಆಯ್ತು, ಹಳೇ ಸಂಪುಟಗಳ ಸ್ಕ್ಯಾನ್ ನೆಟ್‌ನಲ್ಲಿ ಸಿಗುತ್ತೆ. ಆದ್ರೆ ಇವತ್ತಿನ ಹೆಸರಿಂದ ಮಾತ್ರ ಹುಡುಕಬೇಡಿ. ಚಿತ್ರದುರ್ಗ ಹಳೇ ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಅಂತ ಬರುತ್ತೆ, ಬಾಗಲಕೋಟೆ ಬಾಗಡಿಗೆ ಅಂತ ಬರುತ್ತೆ. ಬಾಗಲಕೋಟೆಗೆ "ಬಾಗಿಲು ಇರೋ ಕೋಟೆ" ಅಂತ ಅರ್ಥ ಹೇಳೋರಿಗೆ ಈ ಹಳೇ ರೂಪ ಒಂದೇ ಸಾಕು ಇನ್ನೊಂದ್ಸಲ ಯೋಚನೆ ಮಾಡೋಕೆ, ಯಾಕಂದ್ರೆ ಬಾಗಡಿಗೆ ಅನ್ನೋ ಹೆಸರಲ್ಲಿ ಕೋಟೆ ಅನ್ನೋ ಪದಾನೇ ಇಲ್ಲ.

ಈಗ ಕೋಟೆ ಪದಕ್ಕೆ ಬರೋಣ. ಇದನ್ನ ಒಡೆಯೋಕೆ ಹೋದ್ರೆ ಏನೂ ಸಿಗಲ್ಲ, ಇಲ್ಲಿ ಬೇರೆ ವಿಧಾನ ಬೇಕು. ಅಕ್ಕಪಕ್ಕದ ಭಾಷೆಗಳಲ್ಲಿ ಅದೇ ಪದ ಹೇಗಿದೆ ಅಂತ ಸಾಲಾಗಿ ಬರ್ಕೊಳ್ಳಿ. ತಮಿಳು ಕೋಟ್ಟೈ, ಮಲಯಾಳ ಕೋಟ್ಟ, ತೆಲುಗು ಕೋಟ, ತುಳು ಕೋಟೆ. ತಮಿಳಿನ ಪುದುಕ್ಕೋಟ್ಟೈ ಅಂದ್ರೆ ನಮ್ಮ ಹೊಸಕೋಟೆನೇ, ಕೇರಳದ ಕೋಟ್ಟಯಂ ಅಂದ್ರೆ ಕೋಟೆ ಒಳಗು. ಬರ್ಕೊಂಡ ಮೇಲೆ ಬರೀ ಸದ್ದು ಹೋಲುತ್ತೆ ಅಂತ ಖುಷಿ ಪಡಬೇಡಿ, ವ್ಯತ್ಯಾಸದಲ್ಲಿ ಒಂದು ನಿಯಮ ಇದೆಯಾ ನೋಡಿ. ತಮಿಳಿನ ಕೊನೆಯ ಐ ಕನ್ನಡದಲ್ಲಿ ಎ ಆಗುತ್ತೆ, ತಲೈ ತಲೆ, ಮಲೈ ಮಲೆ, ಹಾಗೇ ಕೋಟ್ಟೈ ಕೋಟೆ. ಇನ್ನೊಂದು, ದೀರ್ಘ ಸ್ವರ ಆದ್ಮೇಲೆ ತಮಿಳಿನಲ್ಲಿ ಟ್ಟ ಅಂತ ಒತ್ತಿ ಹೇಳೋದನ್ನ ಕನ್ನಡದಲ್ಲಿ ಒಂದೇ ಟ ಹೇಳ್ತೀವಿ, ಆಟ್ಟಂ ಆಟ, ಓಟ್ಟಂ ಓಟ, ಕೂಟ್ಟಂ ಕೂಟ, ಕೋಟ್ಟೈ ಕೋಟೆ. ಹೀಗೆ ಮನೆಮಾತಿನ ಪದಗಳ ಜೊತೆ ಅದೇ ನಿಯಮದಲ್ಲಿ ನಡೆದಿದೆ ಅಂದ್ರೆ ಅದು ಮೊನ್ನೆ ಮೊನ್ನೆ ಎರವಲು ತಂದ ಪದ ಅಲ್ಲ, ದ್ರಾವಿಡ ಭಾಷೆಗಳ ಹಳೇ ಆಸ್ತಿ. ಹಳಗನ್ನಡದಲ್ಲಿ ಕೋಂಟೆ ಅನ್ನೋ ರೂಪಾನೂ ಇದೆ, ಸೊನ್ನೆ ಸೇರಿಸಿ, ಹಳೇ ಕಾವ್ಯ ಓದುವಾಗ ಕಣ್ಣು ತಪ್ಪಿಹೋಗದ ಹಾಗೆ ನೋಡ್ಕೊಳ್ಳಿ.

ಈ ಸಾಲು ನೀವೇ ಜೋಡಿಸೋಕೆ ಕಷ್ಟ ಆದ್ರೆ ಟಿ. ಬರೋ ಮತ್ತು ಎಂ.ಬಿ. ಎಮೆನೋ ಅನ್ನೋ ಇಬ್ಬರು ವಿದ್ವಾಂಸರು ಮಾಡಿರೋ ದ್ರಾವಿಡ ಪದಮೂಲ ನಿಘಂಟು ಇದೆ, ಮೊದಲ ಮುದ್ರಣ 1961, ಪರಿಷ್ಕರಿಸಿದ್ದು 1984. ಅದೂ ಆನ್‌ಲೈನಲ್ಲಿದೆ. ಕನ್ನಡ ಪದ ಹಾಕಿ ಹುಡುಕಿದ್ರೆ ಎಲ್ಲಾ ಅಕ್ಕತಂಗಿ ಭಾಷೆಗಳ ರೂಪ ಒಟ್ಟಿಗೆ ಕೊಡುತ್ತೆ. ಕಿಟ್ಟೆಲ್ ನಿಘಂಟು, 1894ರದ್ದು, ಅದಂತೂ ಪಕ್ಕದಲ್ಲೇ ಇರ್ಬೇಕು, ಯಾಕಂದ್ರೆ ಅವರು ಪದ ತದ್ಭವಾನಾ, ಮರಾಠಿದಾ, ಹಿಂದೂಸ್ತಾನಿದಾ ಅಂತ ಗುರುತು ಹಾಕಿರ್ತಾರೆ, ಆ ಪುಟ್ಟ ಗುರುತು ಎಷ್ಟೋ ಸಲ ಗಂಟೆಗಟ್ಟಲೆ ಕೆಲಸ ಉಳಿಸುತ್ತೆ.

ಕೋಟೆಯ ಕಥೆ ಇಲ್ಲಿಗೆ ಮುಗಿಯಲ್ಲ. ಸಂಸ್ಕೃತದಲ್ಲಿ ಕೋಟ್ಟ ಅಂತ ಪದ ಇದೆ, ಉತ್ತರದಲ್ಲಿ ರಾಜ್‌ಕೋಟ್, ಪಠಾನ್‌ಕೋಟ್, ಗಡಿ ಆಚೆ ಸಿಯಾಲ್‌ಕೋಟ್ ಇದೆ. ಹಾಗಾದ್ರೆ ನಾವು ಅಲ್ಲಿಂದ ತಂದ್ವಾ ಅವರು ಇಲ್ಲಿಂದ ತಗೊಂಡ್ರಾ? ಇಂಥ ಪ್ರಶ್ನೆ ಬಂದಾಗ ಎರಡು ನೋಡಿ, ಯಾವ ಕಡೆ ಪದ ಹಳೇದು, ಯಾವ ಕಡೆ ನೆಂಟರು ಜಾಸ್ತಿ. ವೇದದಲ್ಲಿ ಕೋಟೆಗೆ ಪುರ್ ಇದೆ, ಕೋಟ್ಟ ಇಲ್ಲ, ಅದು ಆಮೇಲಿನ ಸಂಸ್ಕೃತದಲ್ಲಿ ಬರೋದು. ದಕ್ಷಿಣದಲ್ಲಾದ್ರೆ ಮನೆಮನೆಲೂ ಇದೆ. ಹಾಗಾಗಿ ಸಂಸ್ಕೃತವೇ ದ್ರಾವಿಡದಿಂದ ತಗೊಂಡಿದ್ದು ಅಂತ ಟಿ. ಬರೋ ಅವರಂಥ ವಿದ್ವಾಂಸರು ಹೇಳಿದ್ದು, ನನಗೂ ಅದೇ ಸರಿ ಅನ್ಸುತ್ತೆ. ಆಮೇಲೆ ಆ ಪದ ಉತ್ತರದಲ್ಲಿ ಕೋಟ್ಟಪಾಲ ಆಯ್ತು, ಕೋಟೆ ಕಾಯೋನು, ಅದು ಬಾಯಲ್ಲಿ ಸವೆದು ಕೋತ್ವಾಲ ಆಯ್ತು, ಗೋಪಾಲ ಸವೆದು ಗ್ವಾಲಾ ಆದ ಹಾಗೆ, ಕೊನೆಗೆ ಕೊತವಾಲ ಆಗಿ ಅಧಿಕಾರದ ದರ್ಪ ಹೊತ್ಕೊಂಡು ಕನ್ನಡಕ್ಕೇ ವಾಪಸ್ ಬಂತು. ನಮ್ಮ ಮನೆ ಪದ ಪರದೇಶದ ವೇಷದಲ್ಲಿ ವಾಪಸ್ ಬಂದ್ರೆ ಗುರುತು ಸಿಗೋದು ಕಷ್ಟ, ಅದಕ್ಕೇ ಹೇಳೋದು ಪದ ಕೇಳಕ್ಕೆ ಉರ್ದು ಥರ ಇದೆ ಅಂದಾಕ್ಷಣ ಮೂಲಾನೂ ಅಲ್ಲೇ ಅಂತ ತೀರ್ಮಾನ ಮಾಡ್ಬೇಡಿ ಅಂತ.

ಒಟ್ಟಿನಲ್ಲಿ ಕೋಟೆ ಅಂದಾಗ ನಮ್ಮ ಕಣ್ಣಿಗೆ ಬರೋದು ಸುತ್ತು ಗೋಡೆ. ಏಳು ಸುತ್ತಿನ ಕೋಟೆ ಅಂತೀವಿ, ಏಳು ಸುತ್ತಿನ ದುರ್ಗ ಅನ್ನಲ್ಲ. ಕೋಟೆ ಕಟ್ಟಿದ್ರು ಅಂತೀವಿ, ದುರ್ಗ ಹತ್ತಿದ್ರು ಅಂತೀವಿ. ಬಯಲಲ್ಲಿರೋ ಊರಿಗೆ ಗೋಡೆ ಕಟ್ಟಿದ್ರೆ ಅದು ಕೋಟೆ ಆಗುತ್ತೆ, ಹಳೇ ಪಟ್ಟಣಗಳಲ್ಲಿ ಕೋಟೆ ಒಂದು ಕಡೆ ಪೇಟೆ ಒಂದು ಕಡೆ ಅಂತ ಜೋಡಿ ಇರುತ್ತಲ್ಲ, ಬೆಂಗಳೂರಲ್ಲೂ ಹಾಗೇ. ದುರ್ಗ ಅಂತ ಹೆಸರಿರೋ ಊರುಗಳ ಪಟ್ಟಿ ಮಾಡಿ ಮ್ಯಾಪ್ ಮೇಲೆ ಗುರುತು ಹಾಕಿ ನೋಡಿ, ಸಾವನದುರ್ಗ, ಹುತ್ರಿದುರ್ಗ, ಮಾಕಳಿದುರ್ಗ, ದೇವರಾಯನದುರ್ಗ, ಉಚ್ಚಂಗಿದುರ್ಗ, ಬಹುಪಾಲು ಗುಡ್ಡದ ನೆತ್ತಿ ಮೇಲೇ ಕೂರುತ್ತವೆ. ಬೆಟ್ಟ ಅಲ್ಲದ ದುರ್ಗ ಬೇಕು ಅಂದ್ರೂ ಇದೆ, ಲಿಂಗಸುಗೂರು ತಾಲ್ಲೂಕಲ್ಲಿ ಕೃಷ್ಣಾ ನದಿ ದಡದ ಜಲದುರ್ಗ, ಶಹಾಪುರ ತಾಲ್ಲೂಕಿನ ವನದುರ್ಗ. ಶಾಸ್ತ್ರದ ಪುಸ್ತಕದಲ್ಲಿದ್ದ ವಿಂಗಡಣೆಯ ಹೆಸರೇ ಊರ ಹೆಸರಾಗಿ ಬಸ್ ಬೋರ್ಡ್ ಮೇಲೆ ಬಂದಿದೆ. ಈ ಮ್ಯಾಪ್ ಪರೀಕ್ಷೆ ಮಾತ್ರ ತಪ್ಪಿಸಬೇಡಿ, ಪದದ ಅರ್ಥ ನೆಲದ ಮೇಲೆ ಹೊಂದುತ್ತಾ ಇಲ್ವಾ ಅಂತ ನೋಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಗಡ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮರಾಠಿಲಿ ಗಡ್ ಅಂದ್ರೆ ಬೆಟ್ಟದ ಕೋಟೆ, ರಾಯಗಡ, ಸಿಂಹಗಡ, ಹಿಂದಿಲಿ ಗಢ. ಗಜೇಂದ್ರಗಡ ಆ ಸಾಲಿಗೆ ಸೇರಿದ್ದು. ಕರಾವಳಿಲಿ ಬೆಳ್ತಂಗಡಿ ಹತ್ರದ ಜಮಾಲಾಬಾದ್ ಕೋಟೆಗೆ ಜನ ಇವತ್ತಿಗೂ ಗಡಾಯಿಕಲ್ಲು ಅಂತಾರೆ.

ಕಿಲ್ಲೆ ಅರಬ್ಬಿ ಪದ, ಖಲ್ಅ. ಪಾರ್ಸಿ ಮೂಲಕ ಕಿಲಾ ಆಗಿ ಬಹಮನಿ, ಆದಿಲ್‌ಶಾಹಿ ಆಳ್ವಿಕೆ ಜೊತೆ ಬಂತು, ಹಾಗಾಗಿ ಉತ್ತರ ಕರ್ನಾಟಕದಲ್ಲಿ ಗಟ್ಟಿಯಾಗಿ ಕೂತಿದೆ, ಮೈಸೂರು ಕಡೆ ಅಷ್ಟಾಗಿ ಇಲ್ಲ. ಕಿಲ್ಲೇದಾರ ಅನ್ನೋ ಅಡ್ಡಹೆಸರು ಕೇಳಿರ್ತೀರಿ, ಜಮೀನ್ದಾರ ಹವಾಲ್ದಾರ ಥರ ಪಾರ್ಸಿಯ ದಾರ್ ಸೇರಿ ಆಗಿದ್ದು, ಕೋಟೆ ಹೊಣೆ ಹೊತ್ತೋನು. ಇದೇ ಅರಬ್ಬಿ ಪದ ಪಶ್ಚಿಮಕ್ಕೆ ಹೋಗಿ ಸ್ಪೇನ್‌ನಲ್ಲಿ ಅಲ್ಕಲಾ ಅನ್ನೋ ಊರ ಹೆಸರುಗಳಾಯ್ತು, ಟರ್ಕಿಲಿ ಕಲೆ ಆಯ್ತು. ಎರವಲು ಪದ ಅಂತ ಅನುಮಾನ ಬಂದ್ರೆ ಹೀಗೆ ಯಾರ ಆಳ್ವಿಕೆ ಎಲ್ಲಿ ನಡೆದಿತ್ತು ಅನ್ನೋ ಮ್ಯಾಪ್ ಮತ್ತೆ ಆ ಪದ ಎಲ್ಲಿ ಬಳಕೇಲಿದೆ ಅನ್ನೋ ಮ್ಯಾಪ್ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ.

ಕೋಟೆಯ ಭಾಗಗಳ ಹೆಸರಂತೂ ಇನ್ನೂ ಚೆಂದ. ಬುರುಜು ಅರಬ್ಬಿಯ ಬುರ್ಜ್, ವಿಜಯಪುರದ ಉಪ್ಪಲಿ ಬುರುಜ್‌ಗೂ ದುಬೈನ ಬುರ್ಜ್ ಖಲೀಫಾಗೂ ಒಂದೇ ಪದ. ಅದಕ್ಕೆ ಕನ್ನಡದ್ದು ಕೊತ್ತಳ, ಕೋಟೆ ಕೊತ್ತಳ ಅಂತ ಜೋಡಿಯಾಗಿ ಹೇಳ್ತೀವಲ್ಲ ಅದು. ಕೋಟೆ ಸುತ್ತ ಇರೋ ನೀರಿನ ಹಳ್ಳಕ್ಕೆ ಕಂದಕ ಅಂತೀವಿ, ಇದು ಪಾರ್ಸಿಲಿ ಅಗೆಯೋದು ಅನ್ನೋ ಕ್ರಿಯಾಪದದಿಂದ ಹುಟ್ಟಿ ಅರಬ್ಬಿಗೆ ಖಂದಕ್ ಆಗಿ ಹೋದ ಪದ. ಕನ್ನಡದಲ್ಲಿ ಇದಕ್ಕೆ ಅಗಳು, ಅಗಳ್ತೆ ಅಂತಿದೆ, ತಮಿಳಲ್ಲಿ ಅಗಳಿ. ಇದರ ಮೂಲಾನೂ ಅಗೆಯೋದೇ! ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಭಾಷೆಗಳು ಒಂದೇ ವಸ್ತುವಿಗೆ ಒಂದೇ ಯೋಚನೆಯಿಂದ ಹೆಸರು ಕೊಟ್ಟಿವೆ. ಅಗಳು ಪದವನ್ನ ಹಳೇ ನಿಘಂಟಲ್ಲಿ ಹುಡುಕುವಾಗ ಒಂದು ಎಚ್ಚರ, ಅದು ಹಳಗನ್ನಡದ ೞ ಅಕ್ಷರದಲ್ಲಿ ಇರುತ್ತೆ, ಅಗೞ್ ಅಂತ. ಳ ಅಂತ ಹುಡುಕಿ ಸಿಗಲಿಲ್ಲ ಅಂತ ಕೈಬಿಟ್ಟೋರು ಬೇಜಾನ್ ಜನ ಇರ್ತಾರೆ.

ಸದ್ದು ಹೋಲುತ್ತೆ ಅಂತ ಮೂಲ ಕಟ್ಟೋದು ಈ ಕೆಲಸದಲ್ಲಿ ದೊಡ್ಡ ಗುಂಡಿ. ಕೋಟೆ ಬೇರೆ, ನೂರು ಲಕ್ಷದ ಕೋಟಿ ಬೇರೆ. ಗಡ ಬೇರೆ, ಮೇರೆ ಅನ್ನೋ ಅರ್ಥದ ಗಡಿ ಬೇರೆ, ಘಟಿಕಾ ಅನ್ನೋದರಿಂದ ಬಂದ ಗಡಿಯಾರ ಇನ್ನೂ ಬೇರೆ. ರಾಜಸ್ಥಾನದ ಕೋಟಾದಲ್ಲಿ ಕೋಟೆ ಏನೋ ಇದೆ, ಆದ್ರೆ ಆ ಊರಿನ ಹೆಸರು ಕೋಟ್ಯಾ ಅನ್ನೋ ಭಿಲ್ ನಾಯಕನಿಂದ ಬಂತು ಅಂತ ಅಲ್ಲಿಯವರೇ ಹೇಳೋದು. ಸಕಲೇಶಪುರದ ಮಂಜರಾಬಾದ್‌ಗೆ ಮಂಜು ಬೀಳೋದ್ರಿಂದ ಹೆಸರು ಬಂತು ಅಂತ ಎಲ್ಲರೂ ಹೇಳ್ತಾರೆ, ಕೇಳೋಕೆ ಚೆನ್ನಾಗಿದೆ, ಆದ್ರೆ ನೀವು ಬರ್ಕೊಳ್ಳುವಾಗ "ಹೀಗೆ ಹೇಳ್ತಾರೆ" ಅಂತಾನೇ ಬರ್ಕೊಳ್ಳಿ. ಊರ ಕಥೆಗೂ ಬೆಲೆ ಇದೆ, ಅದು ಜನ ಆ ಹೆಸರನ್ನ ಹೇಗೆ ಅರ್ಥ ಮಾಡ್ಕೊಂಡ್ರು ಅಂತ ಹೇಳುತ್ತೆ, ಆದ್ರೆ ಪದ ಎಲ್ಲಿಂದ ಬಂತು ಅನ್ನೋದಕ್ಕೆ ಅದೊಂದೇ ಸಾಕ್ಷಿ ಆಗಲ್ಲ. ಹಾಗಾಗಿ ನೋಟ್ಸ್ ಮಾಡುವಾಗ ಕಥೆ, ನಿಘಂಟಿನ ಮಾತು, ಶಾಸನದ ಮಾತು ಮೂರನ್ನೂ ಬೇರೆ ಬೇರೆ ಕಡೆ ಬರೀರಿ, ಕಲಸಬೇಡಿ.

ಇಂಗ್ಲಿಷ್ ದಾಖಲೆಲಿ ಹುಡುಕ್ತೀರಾದ್ರೆ ಸ್ಪೆಲ್ಲಿಂಗ್ ಗೊತ್ತಿರ್ಬೇಕು. ಬ್ರಿಟಿಷರು ದುರ್ಗವನ್ನ ಡ್ರೂಗ್ ಮಾಡಿಟ್ರು, ಚಿತ್ರದುರ್ಗ ಚಿತಲ್‌ಡ್ರೂಗ್ ಆಯ್ತು, ನಂದಿದುರ್ಗ ನಂದಿಡ್ರೂಗ್ ಆಯ್ತು, ಕೋಲಾರದ ಚಿನ್ನದ ಗಣಿಗಳಲ್ಲಿ ಒಂದರ ಹೆಸರೂ ನಂದಿಡ್ರೂಗ್. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ನಂದಿಬೆಟ್ಟ, ಸಾವನದುರ್ಗ ಹಿಡಿದ ವರದಿಗಳೆಲ್ಲಾ ಈ ಡ್ರೂಗ್ ಸ್ಪೆಲ್ಲಿಂಗಲ್ಲೇ ಇವೆ, ಇವತ್ತಿನ ಸ್ಪೆಲ್ಲಿಂಗ್ ಹಾಕಿದ್ರೆ ಸಿಗೋದೇ ಇಲ್ಲ.

ಈ ಡ್ರೂಗ್ ಎಷ್ಟು ದೂರ ಹೋಗಿದೆ ಅಂದ್ರೆ, ಲಂಡನ್‌ನಲ್ಲಿ ಸೆವೆರ್ನ್‌ಡ್ರೂಗ್ ಕ್ಯಾಸಲ್ ಅಂತ ಒಂದು ಗೋಪುರ ಇದೆ, 1784ರಲ್ಲಿ ಕಟ್ಟಿದ್ದು. ಕೊಂಕಣ ತೀರದ ಸುವರ್ಣದುರ್ಗವನ್ನ 1755ರಲ್ಲಿ ಗೆದ್ದ ವಿಲಿಯಂ ಜೇಮ್ಸ್ ಅನ್ನೋ ನೌಕಾಪಡೆ ಅಧಿಕಾರಿ ನೆನಪಿಗೆ ಅವನ ಹೆಂಡತಿ ಕಟ್ಟಿಸಿದ್ದು. ಸುವರ್ಣದುರ್ಗ ಹೋಗಿ ಸೆವೆರ್ನ್‌ಡ್ರೂಗ್!

ಕೊನೇದಾಗಿ, ನಿಘಂಟು ಶಾಸನ ಎಲ್ಲಾ ಮುಗಿಸಿದ ಮೇಲೆ ಕೋಟೆ ಇರೋ ಊರಿಗೇ ಹೋಗಿ ಹಿರಿಯರ ಹತ್ರ ಕೂತ್ಕೊಂಡು ಭಾಗಗಳ ಹೆಸರು ಕೇಳಿ. "ಅಜ್ಜಾ, ಈ ಚಿಕ್ಕ ಬಾಗಿಲಿಗೆ ಏನಂತೀರಿ?" ಅಂತ ಕೇಳಿದ್ರೆ ದಿಡ್ಡಿ ಬಾಗಿಲು ಅಂತಾರೆ. ಗೋಡೆ ಮೇಲಿನ ಹಲ್ಲು ಹಲ್ಲು ಥರ ಇರೋದಕ್ಕೆ ತೆನೆ ಅಂತಾರೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂಟಿಯಾಗಿ ನಿಂತಿರೋ ಕಾವಲು ಗೋಪುರಕ್ಕೆ ಹುಡೇವು ಅಂತಾರೆ. ಕೇಳುವಾಗ ನೀವೇ ಪದ ಹೇಳ್ಕೊಟ್ಟು "ಇದು ಬುರುಜು ಅಲ್ವಾ?" ಅನ್ನಬೇಡಿ, ಅವರು ಮರ್ಯಾದೆಗೆ ಹೂಂ ಅಂದುಬಿಡ್ತಾರೆ. ಕೈ ತೋರಿಸಿ ಕೇಳಿ, ಫೋನಲ್ಲಿ ಅವರ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡ್ಕೊಳ್ಳಿ, ಉಚ್ಚಾರ ಹೇಗಿದೆಯೋ ಹಾಗೇ ಬರ್ಕೊಳ್ಳಿ, ತಿದ್ದಬೇಡಿ. ಕೋಟೆ ಗೋಡೆ ಪೂರ್ತಿ ಬಿದ್ದು ಹೋಗಿದ್ರೂ ಹೊಲದ ಹೆಸರಲ್ಲಿ ಉಳಿದಿರುತ್ತೆ, ಕೋಟೆ ಹೊಲ, ಅಗಳ ಗದ್ದೆ ಅಂತ ಏನಾದ್ರೂ ಇದೆಯಾ ಅಂತ ವಿಚಾರಿಸಿ, ಕಂದಾಯ ಇಲಾಖೆಯ ಗ್ರಾಮ ನಕ್ಷೆ ಆನ್‌ಲೈನಲ್ಲಿ ಸಿಗುತ್ತೆ, ಅದನ್ನ ಪ್ರಿಂಟ್ ತಗೊಂಡು ಹೋಗಿ ಅವರು ತೋರಿಸಿದ ಜಾಗಕ್ಕೆ ಸರ್ವೆ ನಂಬರ್ ಸಮೇತ ಗುರುತು ಹಾಕಿ.